ಬೆಳಗಿನ ಮೊದಲ ನೀರು

ಆ ಮನೆಯಲ್ಲಿ ಬೆಳಗ್ಗೆ ಫಿಟ್ಟರ್ ಏಳುವ ತನಕ ಅಡುಗೆಮನೆಯ ನಲ್ಲಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಖ ತೊಳೆಯಬೇಕೇ, ಬಚ್ಚಲಲ್ಲಿ ಹಿಂದಿನ ದಿನ ತುಂಬಿಟ್ಟ ಬಕೆಟ್ಟಿದೆ. ಟೀ ಬೇಕೇ, ಬಾಯಿ ಮುಚ್ಚಿಕೊಂಡು ಕಾಯಬೇಕು. ನೀರಿನ ಆಫೀಸಿನಲ್ಲಿ ಪೈಪು ಕೂಡಿಸುತ್ತ ಕೂಡಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ ಅವನು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಇನ್ನೂ ಫಿಟ್ಟರೇ. ರಾತ್ರಿಯೆಲ್ಲ ಪೈಪಿನಲ್ಲಿ ಅಲ್ಲಾಡದೆ ನಿಂತ ನೀರು ತಣ್ಣಗೆ, ತಿಳಿಯಾಗಿ, ಸಿಹಿಯಾಗಿರುತ್ತದೆ ಎಂದು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದ. ಆ ಮೊದಲ ನೀರನ್ನು ಚೆಲ್ಲುವವರು ಅವನ ಲೆಕ್ಕದಲ್ಲಿ ಹಾಲನ್ನು ಚರಂಡಿಗೆ ಸುರಿಯುವವರಿಗಿಂತ ಕಡೆ. ಜಗ್ಗಿಗೆ ಹಿಡಿದ ಮೇಲೆ ಮೊದಲ ಲೋಟ ಮೊಮ್ಮಗಳಿಗೆ. ಅವಳು ಕುಡಿದು ಮುಗಿಸಿದ ಮೇಲೆಯೇ ತಾನು ಕುಡಿಯುತ್ತಿದ್ದ.

ಮೊಮ್ಮಗಳು ಬಟಾಣಿ. ಹುಟ್ಟಿದಾಗ ದುಂಡುದುಂಡಗಿದ್ದಳೆಂದು ತಾತನೇ ಇಟ್ಟ ಅಡ್ಡಹೆಸರು. ಈಗ ಶಾಲೆಗೆ ಹೋಗುವ ವಯಸ್ಸಿಗೆ ಆ ದುಂಡೆಲ್ಲ ಕರಗಿ ಕೈಕಾಲು ಕಡ್ಡಿಯಾಗಿದ್ದವು. ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುವುದು, ತಟ್ಟೆಯ ಮುಂದೆ ಕಲ್ಲಿನ ಹಾಗೆ ಕೂರುವುದು, ನಿನ್ನೆ ಕಲಿತ ಅಕ್ಷರ ಇವತ್ತು ಮರೆಯುವುದು, ಇದ್ದಕ್ಕಿದ್ದ ಹಾಗೆ ಕಿರುಚಿ ಕೈಗೆ ಸಿಕ್ಕಿದ್ದು ಎಸೆಯುವುದು. ಒಂದು ದಿನದ ಮಾತಾದರೆ ಯಾರಾದರೂ ಸಹಿಸಿಕೊಂಡಾರು. ಅವಳಮ್ಮನಿಗೆ ಇದು ದಿನಬೆಳಗಾದರೆ ಪಾಡಾಗಿತ್ತು.

ಅಮ್ಮನನ್ನು ಬೀದಿಯವರು ಟೈಲರಮ್ಮ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಮೆಷಿನ್ನು ಹಾಕಿಕೊಂಡಿದ್ದಳು. ಕೈಗೆ ಸದಾ ಎಟುಕುವ ಹಾಗೆ ಒಂದು ಮರದ ಸ್ಕೇಲು ಇರುತ್ತಿತ್ತು, ಅಂಚಿಗೆ ಹಿತ್ತಾಳೆ ಪಟ್ಟಿ ಬಡಿದದ್ದು. ಅದು ಬಟ್ಟೆ ಅಳೆಯಲು. ಆದರೆ ಆ ವರ್ಷ ಅದು ಬಟ್ಟೆಗಿಂತ ಹೆಚ್ಚು ಮಗುವಿನ ತೊಡೆ, ಮೊಣಕೈಗಳನ್ನೇ ಅಳೆದಿತ್ತು.

"ತಿಂತೀಯೋ, ಎದ್ದು ಬರ್ಲೋ?"

"ಹೊಟ್ಟೆ ನೋವು."

"ದಿನಾ ಅದೇ ರಾಗ. ಶಾಲೆಗೆ ಹೋಗೋ ಹೊತ್ತಿಗೇ ಬರುತ್ತೆ ನಿನ್ನ ಹೊಟ್ಟೆ ನೋವು. ಬಾಯಿ ಬಿಡು."

ಬಾಯಿ ಬಿಡಲಿಲ್ಲ. ಮೊಟ್ಟೆಯ ತುಂಡು ಗಲ್ಲಕ್ಕೆ ತಾಗಿ ಕೆಳಗೆ ಬಿತ್ತು. ಸ್ಕೇಲು ಎದ್ದಿತು, ಬಿದ್ದಿತು. ಒಳಗಿನಿಂದ ಅತ್ತೆ, ಫಿಟ್ಟರನ ಹೆಂಡತಿ, "ಇನ್ನೆರಡು ಬಿಗಿ. ಹಟ ನೋಡು ಹಟ, ಅವರಪ್ಪನದೇ," ಎಂದಳು. ಬೇಕರಿಯ ಒಲೆಯ ಮುಂದೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಅವರಪ್ಪ, "ಮನೇಲಿ ಒಂದು ಗಳಿಗೆ ಕಣ್ಮುಚ್ಚೋಕೆ ಬಿಡಲ್ವೇನ್ರೋ ನೀವು," ಎಂದು ಗೋಡೆಗೆ ಚಪ್ಪಲಿ ಎಸೆದ. ಫಿಟ್ಟರ್ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಳಬೇಡ ಕಣೇ, ತಾತನ ನೀರು ಕುಡಿ, ಹೊಟ್ಟೆ ಸರಿ ಹೋಗುತ್ತೆ," ಎಂದು ಇನ್ನೊಂದು ಲೋಟ ಕುಡಿಸಿದ.

ಟೈಲರಮ್ಮ ಮಗುವನ್ನು ಹೊಡೆದವಳೇ ಹೊರತು ದ್ವೇಷಿಸಿದವಳಲ್ಲ. ಹೊಟ್ಟೆ ನೋವು ನಿಜವೋ ಸುಳ್ಳೋ ಯಾವುದಕ್ಕೂ ಇರಲಿ ಎಂದು, ಮಾವ ಹಿಡಿದಿಟ್ಟ ಜಗ್ಗಿನ ನೀರನ್ನು ಪಾತ್ರೆಗೆ ಹೊಯ್ದು ಕುದಿಸುತ್ತಿದ್ದಳು. ಸುಮ್ಮನೆ ಒಂದು ಕುದಿಯಲ್ಲ, ಪಾತ್ರೆಯ ನೀರು ಅರ್ಧಕ್ಕಿಳಿಯುವ ತನಕ. ಆರಿಸಿ, ಬಾಟಲಿಗೆ ತುಂಬಿ, ಶಾಲೆಯ ಚೀಲಕ್ಕೆ ಇಡುತ್ತಿದ್ದಳು. ಬಾಟಲಿ ಖಾಲಿಯಾಗದೆ ವಾಪಸ್ ಬಂದರೆ ಅದಕ್ಕೂ ಏಟು ಬೀಳುತ್ತಿತ್ತು.

ಬೀದಿಯ ದೊಡ್ಡ ಪೈಪು ಬದಲಾಯಿಸಲು ನೀರಿನ ಆಫೀಸಿನವರು ಆ ದಿನಗಳಲ್ಲೇ ಬಂದರು. ಅಗೆಯುವ ಮೆಷಿನ್ನಿನ ಸದ್ದಿಗೆ ಕಿಟಕಿಯ ಗಾಜು ನಡುಗಿ, ಟೈಲರಮ್ಮನ ಸೂಜಿ ದಾರ ಬಿಡುತ್ತಿತ್ತು. ಒಂದು ಬೆಳಗ್ಗೆ ಫಿಟ್ಟರ್ ಕ್ಷೌರಕ್ಕೆ ಹೋಗಿದ್ದ, ಟೈಲರಮ್ಮನ ಗಂಡ ಬೇಕರಿಯಿಂದ ಇನ್ನೂ ಬಂದಿರಲಿಲ್ಲ, ಆ ಹೊತ್ತಿಗೆ ಹೆಲ್ಮೆಟ್ಟು ಹಾಕಿಕೊಂಡ ಇಂಜಿನಿಯರಮ್ಮ ಬಾಗಿಲು ಬಡಿದು, ಒಳಗಿನ ಪೈಪು ನೋಡಬಹುದಾ ಎಂದು ಕೇಳಿದಳು. ನೋಡಿ ಅಂದಳು ಟೈಲರಮ್ಮ. ಸಿಂಕಿನ ಕೆಳಗಿನ ಪರದೆ ಸರಿಸಿದರೆ ಗೋಡೆಯಿಂದ ಹೊರಬಂದ ಬೂದು ಬಣ್ಣದ ಪೈಪು, ಹೆಬ್ಬೆರಳಿನ ದಪ್ಪ, ಎರಡು ಕಡೆ ಬಾಗಿ ನಲ್ಲಿಗೆ ಏರಿತ್ತು. ಕೂಡುವ ಜಾಗಗಳಲ್ಲಿ ನಯವಾದ ಗೆಣಸಿನಂಥ ಬೆಸುಗೆಗಳು. ಇಂಜಿನಿಯರಮ್ಮ ಚಾಕುವಿನ ತುದಿಯಿಂದ ಕೆರೆದಳು. ಕೆರೆದ ಗೆರೆ ಬೆಳ್ಳಿಯ ಹಾಗೆ ಹೊಳೆಯಿತು.

"ಸೀಸ ಕಣಮ್ಮ ಇದು."

"ಹೌದು, ಮಾವನೇ ಹಾಕಿದ್ದು," ಎಂದಳು ಟೈಲರಮ್ಮ. ಅದರಲ್ಲಿ ತಪ್ಪೇನಿದೆ ಎಂದು ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಫಿಟ್ಟರ್ ಬಂದ. ಅರ್ಧ ಗಡ್ಡದಲ್ಲೇ ಎದ್ದು ಬಂದಿದ್ದ. ಮನೆಗೆ ಯಾರೋ ನುಗ್ಗಿದ್ದಾರೆಂದು ಪಕ್ಕದ ಮನೆಯವನು ಅಂಗಡಿಗೇ ಹೋಗಿ ಊದಿದ್ದ.

"ಯಾರಮ್ಮ ನೀನು, ನನ್ನ ಪೈಪು ಕೆರೆಯೋಕೆ?"

"ನೀರಿನ ಆಫೀಸಿಂದ ಬಂದಿದ್ದೀನಿ ತಾತ. ಬೀದೀಲಿ ಹೊಸ ಪೈಪು ಹಾಕ್ತಿದ್ದೀವಿ. ಮೀಟರಿಂದ ಒಳಗಿರೋದು ನಿಮ್ಮದು, ನೀವು ಹೂಂ ಅಂದ್ರೆ ಅದನ್ನೂ ತೆಗೆದು ಬೇರೆ ಹಾಕಿಕೊಡ್ತೀವಿ. ಬಿಟ್ಟಿಯಾಗೇ."

"ಈ ಬೀದೀಲಿ ಅರ್ಧ ಮನೆಗೆ ಈ ಕೈಯೇ ಪೈಪು ಹಾಕಿರೋದು. ಒಂದು ಜಾಯಿಂಟು ಸೋರಿದ್ದು ತೋರಿಸು, ನನ್ನ ಮೂಗು ಕೊಯ್ದು ನಿನ್ನ ಕೈಗೆ ಕೊಡ್ತೀನಿ."

"ಸೋರೋ ಮಾತಲ್ಲ ತಾತ. ಸೀಸ ನೀರಿಗೆ ಬಿಡುತ್ತೆ. ಮಕ್ಕಳಿಗೆ ವಿಷ ಅದು. ಅದರಲ್ಲೂ ರಾತ್ರಿಯೆಲ್ಲ ನಿಂತ ನೀರಂತೂ ಬಾಯಿಗೇ ಹಾಕಬಾರದು."

ವಿಷ ಅನ್ನುವ ಮಾತು ಬಂದದ್ದೇ ಸಾಕಾಯಿತು. ಫಿಟ್ಟರ್ ಮುಂದಿನ ಕೋಣೆಯ ಮಂಚದ ಕೆಳಗೆ ಕೈಹಾಕಿ ಪೈಪು ತಿರುಗಿಸುವ ತನ್ನ ದೊಡ್ಡ ರಿಂಚು ಎಳೆದುಕೊಂಡ. ಇಂಜಿನಿಯರಮ್ಮ ಹಿಂದಕ್ಕೆ ಸರಿದಳು. ಅವಳ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಕೂಲಿಯವನು ನಡುವೆ ಬಂದ. ರಿಂಚು ಅವನ ಹೆಗಲ ಮೂಳೆಗೆ ಬಿತ್ತು, ಒಳಗೆ ಏನೋ ಲಟಕ್ಕೆಂದಿತು. ಆ ಬಡಪಾಯಿ ಕೂಗಲೂ ಇಲ್ಲ, ಹಾಗೆಯೇ ಹೊಸ್ತಿಲ ಮೇಲೆ ಕುಸಿದ. ಫಿಟ್ಟರ್ ಇನ್ನೊಂದು ಸಲ ಎತ್ತುವಷ್ಟರಲ್ಲಿ ಟೈಲರಮ್ಮ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ ರಭಸಕ್ಕೆ ಮೆಷಿನ್ನಿನ ಮೇಲೆ ಬಿದ್ದು ಹುಬ್ಬು ಒಡೆದುಕೊಂಡಳು. ಅತ್ತೆ ಓಡಿ ಬಂದು ಇಂಜಿನಿಯರಮ್ಮನ ಕಾಲು ಹಿಡಿದು, "ವಯಸ್ಸಾದವರು ತಾಯಿ, ಪೊಲೀಸಿಗೆ ಮಾತ್ರ ಹೇಳಬೇಡಿ," ಎಂದು ಬೋರೆಂದು ಅತ್ತಳು.

ಪೊಲೀಸರು ಬಂದರು, ಬೈದರು, ವಯಸ್ಸು ನೋಡಿ ಬಿಟ್ಟರು. ನೀರಿನ ಆಫೀಸಿನವರು ಮೀಟರಿನ ತನಕ ಹೊಸ ಪೈಪು ಹಾಕಿ, ಗುಂಡಿ ಮುಚ್ಚಿ, ಆ ಮನೆಯ ಕಡೆ ತಿರುಗಿಯೂ ನೋಡದೆ ಮುಂದಿನ ಬೀದಿಗೆ ಹೋದರು.

ಗಲಾಟೆಯ ಮಾರನೆಯ ಸಂಜೆ ಊಟಕ್ಕೆ ಕೂತಾಗ ಟೈಲರಮ್ಮನ ಹುಬ್ಬಿಗೆ ಹಚ್ಚಿದ ಹತ್ತಿ ಒದ್ದೆಯಾಗಿ ಕೆಂಪಾಗಿತ್ತು. ಅನ್ನ, ಬೇಳೆ ಬಡಿಸುತ್ತ ಅವಳು ಮೆತ್ತಗೆ ಗಂಡನಿಗೆ ಹೇಳಿದಳು.

"ರೀ, ಒಂದು ಸಲ ನೀರು ಪರೀಕ್ಷೆ ಮಾಡಿಸೋಣ. ಮೊದ್ಲೇ ಮಗೂಗೆ ಹೊಟ್ಟೆ ನೋವು."

"ನೀನೇ ತಾನೇ ಅವಳನ್ನ ಒಳಗೆ ಬಿಟ್ಕೊಂಡಿದ್ದು?"

"ನೋಡ್ತೀನಿ ಅಂದ್ಲು, ನೋಡಿ ಅಂದೆ."

"ಅಪ್ಪನ್ನ ಬೀದೀಲಿ ಪೊಲೀಸರ ಮುಂದೆ ನಿಲ್ಲಿಸಿದೆ. ಬೇಕರೀಲಿ ಎಲ್ಲರ ಬಾಯಲ್ಲೂ ಅದೇ. ನಿಮ್ಮಪ್ಪ ನಿಮಗೇ ವಿಷ ಕುಡಿಸ್ತಿದ್ದಾನಂತಲ್ಲೋ ಅಂತಾರೆ."

"ಅಂದ್ರೆ ಅನ್ಲಿ. ನಿಜ ಆಗಿದ್ರೆ?"

ಫಿಟ್ಟರ್ ಲೋಟ ಎತ್ತಿ ಗಟಗಟ ಕುಡಿದು ಟೇಬಲ್ಲಿಗೆ ಕುಕ್ಕಿದ. "ಪೈಪು ಹಾಕಿದ ದಿನದಿಂದ ನಾನು ಕುಡೀತಿದ್ದೀನಿ. ಇವನು ಕುಡಿದು ಬೆಳೆದ. ಸತ್ತಿದ್ದೀವಾ? ನಿನ್ನ ಮಗಳು ಓದಲ್ಲ ಅಂದ್ರೆ ಪೈಪು ಏನು ಮಾಡುತ್ತೆ? ನಿಮ್ಮ ಮನೆ ಕಡೆ ಯಾರು ಓದಿದ್ರು ಅಂತ?"

"ನಮ್ಮ ಮನೆ ವಿಷಯ ಎತ್ತಬೇಡಿ ಮಾವ. ನಮ್ಮ ಮನೇಲಿ ಯಾರೂ ಕಂಡವರ ಮೂಳೆ ಮುರಿದಿಲ್ಲ."

ಮಾತು ಮುಗಿಯಲಿಲ್ಲ, ಗಂಡನ ಅಂಗೈ ಅವಳ ಕೆನ್ನೆಗೆ ಬಿತ್ತು. ಹಿಟ್ಟು ನಾದಿ ನಾದಿ ಹಲಗೆಯಾದ ಕೈ. ಅವಳ ಕೈಯಲ್ಲಿದ್ದ ಸೌಟು ಹಾರಿ ಗೋಡೆಗೆ ಬೇಳೆ ಎರಚಿತು. ಹುಬ್ಬಿನ ಗಾಯ ಬಿಚ್ಚಿಕೊಂಡು ತಟ್ಟೆಗೆ ರಕ್ತ ತೊಟ್ಟಿಕ್ಕಿತು. ಬಟಾಣಿ ಕಿರುಚಿ ತನ್ನ ತಟ್ಟೆ ತಳ್ಳಿದಳು. ಅದಕ್ಕೆ ಅತ್ತೆ ಅವಳ ಬೆನ್ನಿಗೊಂದು ಗುದ್ದಿದಳು. ಎಲ್ಲರಿಗೂ ಎಲ್ಲರ ಮೇಲೂ ಕೈ ಏಳುವ ಮನೆಯಾಗಿತ್ತು ಅದು. ಆ ಮೇಲೆ ಗಂಡ ರಾತ್ರಿ ಪಾಳಿಗೆ ಹೋದ, ಉಳಿದವರು ಗೋಡೆಯ ಬೇಳೆ ಒರೆಸಿ ಮಲಗಿದರು.

ಟೈಲರಮ್ಮನ ಬಾಯಿ ಮುಚ್ಚಿತು, ಹೊಟ್ಟೆಯೊಳಗಿನ ಹೆದರಿಕೆ ಮುಚ್ಚಲಿಲ್ಲ. ಮಕ್ಕಳಿಗೆ ವಿಷ ಅಂದಿದ್ದಳಲ್ಲ ಆ ಹೆಂಗಸು. ಪೈಪು ತೆಗೆಸುವ ಹಾಗಿಲ್ಲ, ಹೊರಗಿನ ನೀರು ತಂದರೆ ಮಾವ ಕೊಡ ಒಡೆದಾನು. ಅವಳಿಗೆ ಗೊತ್ತಿದ್ದ ದಾರಿ ಒಂದೇ, ಕುದಿಸುವುದು. ಅರ್ಧಕ್ಕಿಳಿಸುತ್ತಿದ್ದ ನೀರನ್ನು ಈಗ ಕಾಲು ಭಾಗಕ್ಕೆ ಇಳಿಸತೊಡಗಿದಳು. ಗಂಜಿಗೂ ಅದೇ, ಹಾಲಿಗೆ ಬೆರೆಸಲೂ ಅದೇ. ತಳದಲ್ಲಿ ಬೆಳ್ಳನೆಯ ಪೊರೆ ಕಂಡರೆ, ಕೊಳೆಯೆಲ್ಲ ಬೆಂದು ಹೋಯಿತೆಂದು ಅವಳಿಗೆ ಸಮಾಧಾನ. ಮಗುವಿನ ಬಾಯಿಗೆ ಬಾಟಲಿ ಹಿಡಿದು, ಖಾಲಿಯಾಗುವ ತನಕ ಬಿಡುತ್ತಿರಲಿಲ್ಲ.

ಬಟಾಣಿ ಇನ್ನಷ್ಟು ಒಣಗಿದಳು. ಮೆಟ್ಟಿಲಿಳಿಯುವಾಗ ಎಡವುತ್ತಿದ್ದಳು. ತನ್ನ ಚಪ್ಪಲಿ ಯಾವುದು ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಟೀಚರು ಅವಳನ್ನು ಕೈಹಿಡಿದು ಮನೆಗೇ ಕರೆತಂದರು.

"ನೋಡಿ, ಪಕ್ಕದ ಹುಡುಗಿ ಕೈ ಕಚ್ಚಿದ್ದಾಳೆ, ರಕ್ತ ಬರೋ ಹಾಗೆ. ಅವಳ ಹೆಸರು ಬರೆಯೋದು ಗೊತ್ತಿತ್ತು, ಈಗ ಅದೂ ಇಲ್ಲ. ಮನೇಲಿ ಸ್ವಲ್ಪ ಕೂರಿಸಿ ಓದಿಸಿ. ಹೀಗೇ ಆದ್ರೆ ನಾವು ಇಟ್ಕೊಳ್ಳೋಕಾಗಲ್ಲ."

ಟೀಚರು ಬೀದಿ ತಿರುಗುವ ತನಕ ಟೈಲರಮ್ಮ ಬಾಗಿಲಲ್ಲಿ ನಗುಮುಖ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಬಾಗಿಲು ಹಾಕಿದಳು. ಸ್ಲೇಟು ಮುಂದಿಟ್ಟಳು.

"ಬರಿ. ನಿನ್ನ ಹೆಸರು."

ಬಟಾಣಿ ಬಳಪ ಹಿಡಿದು ಸುಮ್ಮನೆ ಕೂತಳು.

"ಬರಿ ಅಂದೆ."

"ಬರ್ತಿಲ್ಲ ಅಮ್ಮ."

"ನಾಯಿ ಹಾಗೆ ಕಚ್ಚೋಕೆ ಬರುತ್ತೆ, ಬರೆಯೋಕೆ ಬರಲ್ವಾ?"

ಹೆಗಲಿಗೆ ಒಂದು, ತೊಡೆಗೆ ಒಂದು, ಬಳಪ ಹಿಡಿದ ಬೆರಳಿಗೆ ಒಂದು. ಸಾಕು ಎಂದು ಟೈಲರಮ್ಮನ ಮೈಯಲ್ಲಿ ಯಾವ ಮೂಲೆಯೂ ಹೇಳಲಿಲ್ಲ. ಗಂಡ ಹೊಡೆದದ್ದು, ಮಾವ ತಳ್ಳಿದ್ದು, ಬೀದಿಯವರು ನಕ್ಕದ್ದು, ಎಲ್ಲವನ್ನೂ ಆ ಕಡ್ಡಿಯಂಥ ಮೈಯ ಮೇಲೆ ತೀರಿಸಿದಳು. ಸ್ಕೇಲು ಎರಡು ತುಂಡಾಯಿತು. ಹಿತ್ತಾಳೆ ಪಟ್ಟಿ ಬಿಚ್ಚಿಕೊಂಡು ಮಗುವಿನ ತೋಳು ಸೀಳಿತು. ಆಗ ಬಟಾಣಿಯ ಕಣ್ಣು ಮೇಲಕ್ಕೆ ಹೊರಳಿತು. ನೆಲಕ್ಕೆ ಬಿದ್ದು, ಕೈಕಾಲು ಸೆಟೆದು, ತಲೆ ಪಟಪಟ ನೆಲಕ್ಕೆ ಬಡಿಯತೊಡಗಿತು. ಬಾಯಲ್ಲಿ ನೊರೆ ಬಂತು.

ತಾನೇ ಕೊಂದೆ ಅಂದುಕೊಂಡಳು ಟೈಲರಮ್ಮ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯಿಲ್ಲದೆ, ಸಿಕ್ಕ ಆಟೋಗೆ ಅಡ್ಡಬಿದ್ದು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ದೊಡ್ಡ ಹೆಂಗಸು. ಹೆಚ್ಚು ಮಾತಿಲ್ಲ. ಫಿಟ್ಸು ನಿಂತ ಮೇಲೆ ಮಗುವಿನ ತುಟಿ ಎತ್ತಿ ಒಸಡು ನೋಡಿದಳು, ರಕ್ತ ತೆಗೆಸಿದಳು, ಮನೆ ಎಲ್ಲಿ, ನೀರು ಎಲ್ಲಿಯದು ಎಂದು ಕೇಳಿದಳು. ಮಾರನೆಯ ದಿನ ರಿಪೋರ್ಟು ಬಂತು.

"ರಕ್ತದಲ್ಲಿ ಸೀಸ ಸಿಕ್ಕಾಪಟ್ಟೆ ಇದೆ. ಒಂದು ದಿನದ್ದಲ್ಲ, ವರ್ಷಗಳಿಂದ ಹೋಗಿರೋದು. ಈಚೆಗೆ ಒಮ್ಮೆಲೇ ಜಾಸ್ತಿ ಆಗಿದೆ. ಬೀದಿ ಅಗೆದ್ರು ಅಂದ್ರಲ್ಲ, ಆ ಅದುರಿಗೆ ಹಳೆ ಪೈಪು ಒಳಗಡೆ ಪೊರೆ ಬಿಟ್ಟಿರುತ್ತೆ."

"ನಾನು ಕುದಿಸಿ ಕೊಡ್ತಿದ್ದೆ ಡಾಕ್ಟ್ರೇ. ಕಾಲು ಭಾಗಕ್ಕೆ ಇಳಿಸಿ ಕೊಡ್ತಿದ್ದೆ."

ಡಾಕ್ಟರಮ್ಮ ಹಣೆಯ ಮೇಲಿನ ಕನ್ನಡಕ ತೆಗೆದಳು.

"ಕುದಿಸಿದ್ರೆ ಸೀಸ ಹೋಗಲ್ಲಮ್ಮ. ನೀರು ಆವಿಯಾಗಿ ಹೋಗುತ್ತೆ, ಸೀಸ ಅಲ್ಲೇ ಉಳಿಯುತ್ತೆ."

ಟೈಲರಮ್ಮ ಮಂಚದ ಕಬ್ಬಿಣ ಹಿಡಿದುಕೊಂಡಳು.

"ಓದು ಮರೀತಿದ್ದು, ಕಚ್ಚಿದ್ದು, ಊಟ ಬಿಟ್ಟಿದ್ದು?"

"ಎಲ್ಲಾ ಅದರದ್ದೇ. ಸೀಸ ಮೈಗೆ ಹೋದ್ರೆ ದೊಡ್ಡವರಿಗೂ ಸಿಟ್ಟು ಸಿಡಿಮಿಡಿ ಜಾಸ್ತಿ ಆಗುತ್ತೆ. ಮನೆಯವರೆಲ್ಲ ಪರೀಕ್ಷೆಗೆ ರಕ್ತ ಕೊಡಿ. ಮಗೂಗೆ ಮದ್ದು ಕೊಡ್ತೀವಿ, ರಕ್ತದಲ್ಲಿರೋದು ಇಳಿಯುತ್ತೆ. ತಲೆಗೆ ಆಗಿರೋದು ಎಷ್ಟು ವಾಪಸ್ ಬರುತ್ತೋ ನಾನು ಮಾತು ಕೊಡಲ್ಲ." ಆಮೇಲೆ ಅವಳು ಬಟಾಣಿಯ ತೋಳಿನ ಹೊಲಿಗೆಯನ್ನೂ, ತೊಡೆಯ ಮೇಲಿನ ಹಳೆಯ ಹೊಸ ಬಾಸುಂಡೆಗಳನ್ನೂ ತೋರಿಸಿದಳು. "ಇದು ಏನು?"

"ಬಿದ್ಲು," ಎಂದಳು ಟೈಲರಮ್ಮ.

ಮಗು ಅಮ್ಮನ ಮುಖ ನೋಡಿ, "ಹೂಂ, ಬಿದ್ದೆ," ಎಂದಿತು.

ಅತ್ತೆಯನ್ನು ಮಗುವಿನ ಪಕ್ಕ ಕೂರಿಸಿ ಟೈಲರಮ್ಮ ಮನೆಗೆ ಬಂದಾಗ ನಡು ಮಧ್ಯಾಹ್ನ. ಫಿಟ್ಟರ್ ಮುಂದಿನ ಕೋಣೆಯಲ್ಲಿ ಕುರ್ಚಿಗೆ ಒರಗಿ ತೂಕಡಿಸುತ್ತಿದ್ದ. ಅವಳು ಅವನನ್ನು ಎಬ್ಬಿಸಲಿಲ್ಲ, ಕೇಳಲೂ ಇಲ್ಲ. ಮಂಚದ ಕೆಳಗಿನಿಂದ ಅವನ ಚೀಲ ಎಳೆದು, ಗರಗಸ ತೆಗೆದುಕೊಂಡು ಸಿಂಕಿನ ಕೆಳಗೆ ನುಗ್ಗಿದಳು. ಗೋಡೆಯ ಬುಡದಲ್ಲಿ ಹಲ್ಲು ಇಟ್ಟು ಎಳೆದಳು. ಸೀಸ ಮೆತ್ತಗಿನದು, ಗರಗಸ ಬಾರ್ ಸಾಬೂನಿನೊಳಗೆ ಹೋದ ಹಾಗೆ ಹೋಯಿತು. ಪಿಸ್ಸೆಂದು ನೀರಿನ ಎಳೆ ಅವಳ ಮುಖಕ್ಕೆ ಹೊಡೆಯಿತು.

ಆ ಸದ್ದಿಗೆ ಫಿಟ್ಟರ್ ಎದ್ದ. ಸತ್ತ ನಿದ್ದೆಯಲ್ಲೂ ನೀರಿನ ಸದ್ದು ಗುರುತಿಸುವವನು ಅವನು.

"ಏಯ್, ಏನು ಮಾಡ್ತಿದ್ದೀಯ? ಬಿಡು. ಬಿಡು ಅಂದೆ."

"ನಿಮ್ಮ ಮೊಮ್ಮಗಳ ರಕ್ತದ ತುಂಬ ಇದೇ ಇದೆ. ದಿನಾ ಬೆಳಗ್ಗೆ ಲೋಟ ಹಿಡಿದು ಕುಡಿಸಿದ್ರಲ್ಲ, ಅದು."

"ಆಸ್ಪತ್ರೆಯವರ ಮಾತು ಕಟ್ಕೊಂಡು ಮನೆ ಹಾಳು ಮಾಡ್ತೀಯ?"

ಅವನು ಅವಳ ಜಡೆಗೆ ಕೈಹಾಕಿ ಎಳೆದ. ತಲೆ ಸಿಂಕಿನ ಅಂಚಿಗೆ ಬಡಿಯಿತು. ಅವಳು ಗರಗಸ ಬಿಡಲಿಲ್ಲ. ಅವನು ಬೆನ್ನಿಗೆ ಒದ್ದ, ಅವಳು ಮೊಣಕೈ ಬೀಸಿ ಅವನ ಬಾಯಿಗೆ ಹೊಡೆದಳು. ಮುದುಕನ ತುಟಿ ಒಡೆಯಿತು. ಅವನು ಪೈಪನ್ನೇ ಅಪ್ಪಿ ಹಿಡಿದ, ಬೆಸುಗೆಯ ಮೇಲೆ ಬಲಗೈ ಮುಚ್ಚಿ, ಮಗುವಿನ ತಲೆ ಕಾಯುವವನ ಹಾಗೆ. ಟೈಲರಮ್ಮನ ಕೈಗೆ ಚೀಲದಲ್ಲಿದ್ದ ಸುತ್ತಿಗೆ ಸಿಕ್ಕಿತು.

"ಕೈ ತೆಗೀರಿ ಮಾವ."

"ತೆಗೆಯಲ್ಲ."

"ತೆಗೀರಿ."

ತೆಗೆಯಲಿಲ್ಲ. ಅವಳು ಹೊಡೆದಳು. ಮೊದಲ ಏಟಿಗೆ ಬೆರಳು, ಎರಡನೆಯದಕ್ಕೆ ಮಣಿಕಟ್ಟು. ಮೂರನೆಯದು ಪೈಪಿಗೆ ಬಿದ್ದು, ಅದು ಬಾಗಿ, ಅರ್ಧ ಕೊಯ್ದಿದ್ದ ಜಾಗದಲ್ಲಿ ಹರಿದುಹೋಯಿತು. ನೀರು ಅಡುಗೆಮನೆಯನ್ನೆಲ್ಲ ಹೊಡೆಯಿತು, ಒಲೆ, ಡಬ್ಬಿ, ಗೋಡೆ. ಫಿಟ್ಟರ್ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನೀರಿನಲ್ಲಿ ಕೂತು ಪ್ರಾಣಿಯ ಹಾಗೆ ಕೂಗಿದ.

ಒಳಕೋಣೆಯಲ್ಲಿ ಮಲಗಿದ್ದ ಗಂಡ ಎದ್ದು ಬಂದ. ಹೆಂಡತಿಯ ಕೈಯಲ್ಲಿ ಸುತ್ತಿಗೆ, ಅಪ್ಪನ ಬಾಯಲ್ಲಿ ರಕ್ತ. ಅವನು ಹೆಂಡತಿಯ ಕುತ್ತಿಗೆಗೆ ಕೈಹಾಕಿ ಗೋಡೆಗೆ ಒತ್ತಿದ.

"ಕೊಲ್ಲು," ಎಂದಳು ಅವಳು, ಉಸಿರು ಸಿಕ್ಕಷ್ಟರಲ್ಲಿ. "ಕೊಂದು ಆಸ್ಪತ್ರೆಗೆ ಹೋಗು. ಹೋಗಿ ನಿನ್ನ ಮಗಳನ್ನ ಹೆಸರು ಕೇಳು. ಹೇಳ್ತಾಳಾ ನೋಡು."

ಅವನ ಕೈ ಸಡಿಲಾಯಿತು. ಹಿಂದಕ್ಕೆ ಹೋಗಿ, ಗೋಡೆಯಿಂದ ಚಿಮ್ಮುತ್ತಿದ್ದ ನೀರಿಗೆ ಬಟ್ಟೆ ತುರುಕತೊಡಗಿದ. ತುರುಕುತ್ತಲೇ ಅತ್ತ.

ನೀರಿನ ಆಫೀಸಿನವರು ಬೇರೆ ದಾರಿಯಿಲ್ಲದೆ ಬಂದರು. ಅದೇ ಇಂಜಿನಿಯರಮ್ಮ. ಹಳೆ ಪೈಪಿನ ಜಾಗಕ್ಕೆ ನೀಲಿ ಪ್ಲಾಸ್ಟಿಕ್ ಪೈಪು ಹಾಕಿ, ಹಳೆಯದನ್ನು ಮೀಟರಿನ ತನಕ ಎಳೆದು ಅಂಗಳದಲ್ಲಿ ಹಾಕಿದರು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ಫಿಟ್ಟರ್ ಬಂದು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ. ಎಡಗೈಯಲ್ಲಿ ಬೆಸುಗೆಗಳನ್ನು ಒಂದೊಂದಾಗಿ ಸವರಿದ.

"ನೋಡಮ್ಮ. ಒಂದು ಹನಿ ಸೋರಿಲ್ಲ."

"ಸೋರಿದ್ರೆ ಚೆನ್ನಾಗಿತ್ತು ತಾತ," ಎಂದಳು ಇಂಜಿನಿಯರಮ್ಮ. "ಯಾವಾಗಲೋ ಕಿತ್ತು ಹಾಕ್ತಿದ್ರಿ."

ಅವತ್ತಿನಿಂದ ಫಿಟ್ಟರ್ ಅಡುಗೆಮನೆಗೆ ಕಾಲಿಡಲಿಲ್ಲ, ನೀರು ಬೇಕಾದರೆ ಯಾರಾದರೂ ತಂದುಕೊಡುವ ತನಕ ಕಾಯುತ್ತಿದ್ದ. ಬಟಾಣಿ ಆಸ್ಪತ್ರೆಯಿಂದ ಬಂದ ದಿನ ಅವಳ ಮುಂದೆ ನಿಲ್ಲಲಾರದೆ ಹಿತ್ತಲಿಗೆ ಹೋಗಿ ಕೂತ. ಮಗುವೇ ಹುಡುಕಿಕೊಂಡು ಹೋಗಿ ಪ್ಲಾಸ್ಟರಿನ ಮೇಲೆ ಬೆರಳಾಡಿಸಿ, "ನೋವಾ ತಾತ?" ಎಂದಳು. ಮುದುಕ ಗೊಳೋ ಎಂದು ಅತ್ತ.

ಎಲ್ಲರ ರಕ್ತದಲ್ಲೂ ಸೀಸ ಇತ್ತು, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ. ಆ ಸುದ್ದಿ ಆ ಮನೆಗೆ ಹಬ್ಬದ ಸುದ್ದಿಯ ಹಾಗೆ ಬಂತು ಎಂದರೆ ನಂಬಬೇಕು. ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. "ನಮ್ಮ ಮನೇಲಿ ದಿನಾ ರಂಪ ಆಗ್ತಿತ್ತಲ್ಲ, ಎಲ್ಲಾ ಆ ಪೈಪಿನ ಕಿತಾಪತಿ ಅಂತೆ. ಡಾಕ್ಟ್ರೇ ಹೇಳಿದ್ರು, ತಲೆಗೇ ಏರುತ್ತಂತೆ. ಇಲ್ಲಾಂದ್ರೆ ನನ್ನ ಮಗ ಕೈ ಎತ್ತೋನಾ?"

ಗಂಡ ಒಂದು ಸಂಜೆ ಬಿಸಿ ಬ್ರೆಡ್ಡು ತಂದು ಹೆಂಡತಿಯ ಮುಂದಿಟ್ಟ. "ತಲೆ ಕೆಟ್ಟಿತ್ತು ಕಣೇ. ಆ ನೀರು ಕುಡಿದು ಕುಡಿದು. ಮನಸ್ಸಲ್ಲಿ ಇಟ್ಕೋಬೇಡ," ಎಂದ. ಅವಳು ಅವನ ಮುಖ ನೋಡಿದಳು. ಅದನ್ನು ನಂಬುವುದು ಅವಳಿಗೂ ಬೇಕಿತ್ತು. ನಂಬದೆ ಹೋದರೆ ತನ್ನ ಕೈಯನ್ನು ಎಲ್ಲಿಡಬೇಕು? ಬ್ರೆಡ್ಡು ಮುರಿದು ಅರ್ಧ ಅವನಿಗೆ ಕೊಟ್ಟಳು.

ಅದೇ ವಾರ ತಲೆ ಬಾಚುವಾಗ ಬಟಾಣಿ ಕೇಳಿದಳು.

"ಅಮ್ಮ, ನೀನು ನನಗ್ಯಾಕೆ ಹೊಡೀತಿದ್ದೆ?"

ಬಾಚಣಿಗೆ ನಿಂತಿತು.

"ನಾನಲ್ಲ ಕಣೇ. ಆ ಪೈಪು. ಅದರ ನೀರು ಕುಡಿದ್ರೆ ಎಲ್ಲರಿಗೂ ಸಿಟ್ಟು ಬರುತ್ತಂತೆ. ಅದೇ ನನ್ನ ಕೈಯಿಂದ ಹೊಡೆಸ್ತಿತ್ತು."

"ತಾತನಿಗೂ?"

"ತಾತನಿಗೂ. ಅಪ್ಪನಿಗೂ."

"ಈಗ?"

"ಈಗ ಕಿತ್ತು ಹಾಕಿದ್ರಲ್ಲ. ಇನ್ಮೇಲೆ ಯಾರೂ ಹೊಡೆಯಲ್ಲ."

ಬಟಾಣಿ ಸ್ವಲ್ಪ ಯೋಚಿಸಿ, "ಒಳ್ಳೇದಾಯ್ತು," ಎಂದು ತಲೆ ಅಮ್ಮನ ಕೈಗೆ ಒಡ್ಡಿದಳು.

ಆ ಕೆಲವು ವಾರ ಮನೆ ಮನೆಯ ಹಾಗಿತ್ತು. ಅನ್ನ ಬಡಿಸಿದಾಗ ಉಂಡರು, ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಂಡರು. ಬಟಾಣಿಯ ಹೊಟ್ಟೆನೋವು ಕಮ್ಮಿಯಾಯಿತು, ಕೆನ್ನೆಗೆ ಸ್ವಲ್ಪ ಮಾಂಸ ಬಂತು. ಅಕ್ಷರಗಳು ಮಾತ್ರ ವಾಪಸ್ ಬರಲಿಲ್ಲ. ದಿನಾ ಸ್ಲೇಟು ಹಿಡಿದು ಅಮ್ಮನ ಪಕ್ಕ ಕೂರುತ್ತಿದ್ದಳು, ದಿನಾ ಮೊದಲಿನಿಂದ ಶುರು. ಟೈಲರಮ್ಮ ಹಲ್ಲು ಕಚ್ಚಿ ಹೇಳಿಕೊಡುತ್ತಿದ್ದಳು.

ಆ ದಿನ ಅವಳ ಮುಂದೆ ಮದುವೆಯ ಹುಡುಗಿಯೊಬ್ಬಳ ಬಿಳಿ ಬಟ್ಟೆ ಇತ್ತು. ಸಂಜೆಗೆ ಬಂದು ಒಯ್ಯುತ್ತಾರೆ. ತೋಳು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿದ್ದಳು. ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದು ಹೋದಳು. ಒಳಗೆ ಬಟಾಣಿ ಅಮ್ಮನಿಗೆ ಸಹಾಯ ಮಾಡೋಣವೆಂದು ಕತ್ತರಿ ಎತ್ತಿಕೊಂಡಳು. ಬಟ್ಟೆಯ ಮೇಲೆ ಅಳತೆಗೆ ಎಳೆದ ಸೀಮೆಸುಣ್ಣದ ಗೆರೆ ಇನ್ನೂ ಮಾಸಿರಲಿಲ್ಲ. ಗೆರೆ ಇದ್ದಲ್ಲಿ ಅಮ್ಮ ಕತ್ತರಿಸುತ್ತಾಳೆ ಎನ್ನುವುದು ಅವಳಿಗೆ ಗೊತ್ತಿತ್ತು. ನಾಲಿಗೆ ಹೊರಚಾಚಿ, ಗೆರೆಯ ಗುಂಟ, ತುಂಬ ನೇರವಾಗಿ, ಎದೆಯಿಂದ ಸೊಂಟದ ತನಕ ಕತ್ತರಿಸಿದಳು.

"ಅಮ್ಮ, ನೋಡು. ಗೆರೆ ಬಿಟ್ಟು ಹೋಗಿಲ್ಲ."

ಟೈಲರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಕೈ ಎದ್ದದ್ದು ತನಗೆ ಗೊತ್ತೇ ಆಗಲಿಲ್ಲ ಎಂದು ಅವಳು ಆಮೇಲೆ ಹೇಳಿಕೊಂಡರೆ ಅದು ಸುಳ್ಳು. ಗೊತ್ತಾಯಿತು. ಕೋಣೆಯ ಆ ತುದಿಯಿಂದ ಈ ತುದಿಗೆ ಬರುವಷ್ಟು ಹೊತ್ತು ಗೊತ್ತಾಗುತ್ತಲೇ ಇತ್ತು. ಹೊಡೆಯಬಾರದೆಂಬುದೂ ಗೊತ್ತಿತ್ತು. ಬಂದಳು, ಕೈ ಎತ್ತಿದಳು, ಮೈಯ ಬಲವೆಲ್ಲ ಬಿಟ್ಟು ಹೊಡೆದಳು. ಮಗು ಮೆಷಿನ್ನಿನ ಕಾಲಿಗೆ ತಾಗಿ ಬಿದ್ದಿತು. ಕತ್ತರಿ ದೂರ ಹೋಗಿ ಬಿತ್ತು.

ಪಕ್ಕದ ಕೋಣೆಯಲ್ಲಿ ಫಿಟ್ಟರ್ ಕೆಮ್ಮು ನಿಲ್ಲಿಸಿದ. ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಯ ಸದ್ದೂ ನಿಂತಿತು.

ಬಟಾಣಿ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು, ಎಲ್ಲೋ ತಪ್ಪಾಗಿದೆ, ಎಲ್ಲಿ ಎಂದು ಹುಡುಕುವ ಹಾಗೆ. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಟೈಲರಮ್ಮ ಹಿಂದೆಯೇ ಹೋದಳು, ಎತ್ತಿಕೊಳ್ಳಲೆಂದೋ, ಕ್ಷಮಿಸು ಎನ್ನಲೆಂದೋ. ಮಗು ಸಿಂಕಿನ ಮುಂದೆ ಮೊಣಕಾಲೂರಿ ಪರದೆ ಸರಿಸಿ ತಲೆ ಒಳಗೆ ಹಾಕಿತ್ತು. ಗೋಡೆಯ ಬುಡದಿಂದ ನಲ್ಲಿಯ ತನಕ ನೀಲಿ ಪೈಪನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿತು. ಆಮೇಲೆ ತಲೆ ಹೊರಗೆಳೆದು ತಿರುಗಿತು. ಕೆನ್ನೆಯ ಮೇಲೆ ನಾಲ್ಕು ಬೆರಳೂ ಮೂಡಿದ್ದವು.

"ಹೊಸದೇ ಇದೆ ಅಮ್ಮ," ಎಂದಳು ಬಟಾಣಿ.